ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾರು?

ಕನ್ನಡಿಗರಾದ ನಮಗೆ ಹುಟ್ಟಿನಿಂದ ಬಂದ ಮಹಾಮಂತ್ರವೊಂದಿದೆ: ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.’ ರೈಲಿನಲ್ಲಿ ಮೂವರ ಜಾಗದಲ್ಲಿ ಐವರು ಕೂರುವಾಗ ಇದೇ ಮಂತ್ರ, ಬಾಡಿಗೆ ಮನೆಯ ನಲ್ಲಿ ಒಣಗಿದಾಗಲೂ ಇದೇ ಮಂತ್ರ. ಹೊಟ್ಟೆಪಾಡಿಗೆಂದು ಊರು ಬಿಟ್ಟು ಪುಣೆ ಸೇರಿದ ನಾವು ಇಲ್ಲಿಯ ಭಾಷೆಗೆ ಅಡ್ಜಸ್ಟ್ ಆದೆವು, ಇಲ್ಲಿಯ ಹವೆಗೆ ಅಡ್ಜಸ್ಟ್ ಆದೆವು, ಬೆಲ್ಲ ಹಾಕಿದ ಆಮಟಿಗೂ ಅಡ್ಜಸ್ಟ್ ಆದೆವು. ಇದರ ಬಗ್ಗೆ ನಮ್ಮ ತಕರಾರಿಲ್ಲ. ಮನುಷ್ಯ ಮನುಷ್ಯನಿಗೆ ಹೊಂದಿಕೊಂಡರೆ ಲೋಕ ನಡೆಯುತ್ತದೆ. ಆದರೆ ಅಡ್ಜಸ್ಟ್ ಮಾಡಲೆಂದೇ ಮೆಟ್ಟಿಲುಗಳನ್ನಿಟ್ಟು ತಯಾರಿಸಿದ ಒಂದು ಕಬ್ಬಿಣದ ವಸ್ತುವನ್ನು ಮುಟ್ಟದೆ, ಅದಕ್ಕೆ ನಾವೇ ಅಡ್ಜಸ್ಟ್ ಆಗುತ್ತಾ ಹೆಂಡಿರು ಮಕ್ಕಳ ಬೆನ್ನುಮೂಳೆಯನ್ನು ಸವೆಸುತ್ತಿದ್ದೇವಲ್ಲ, ಅದಕ್ಕೆ ಏನೆನ್ನಬೇಕು? ಆ ವಸ್ತು ನಮ್ಮ ಮೋಟಾರ್ ಸೈಕಲ್ಲಿನ ಹಿಂದಿನ ಶಾಕ್ ಅಬ್ಸಾರ್ಬರ್. ಇಲ್ಲಿಯ ಗ್ಯಾರೇಜಿನ ಭಾಷೆಯಲ್ಲಿ ‘ಶಾಕಪ್’.

ಮೊದಲು ನಮ್ಮ ವಿಚಾರ ಹೇಳಿಬಿಡುತ್ತೇವೆ. ನಮ್ಮ ತೂಕ 104 ಕಿಲೋ. ಲೇಖನದಲ್ಲಿ ‘ನಾವು’ ಎಂದು ಬಹುವಚನ ಬಳಸುವುದು ಹಳೆಯ ಸಂಪ್ರದಾಯ; ನಮ್ಮ ವಿಷಯದಲ್ಲಿ ಮಾತ್ರ ಅದು ಅಕ್ಷರಶಃ ಸತ್ಯ ಎಂದು ಕಛೇರಿಯ ಮಿತ್ರರ ಅಭಿಪ್ರಾಯ. ನಮ್ಮ ಮನೆಯವರ ತೂಕ 62 ಕಿಲೋ. ಆರು ವರ್ಷಗಳಿಂದ ನಾವಿಬ್ಬರೂ ಒಂದೇ ಗಾಡಿಯ ಮೇಲೆ ಕಛೇರಿ, ಮಂಡಿ, ಮದುವೆ ಮುಂಜಿ, ಸಂಘದ ಕಾರ್ಯಕ್ರಮ ಎಲ್ಲವನ್ನೂ ತೂಗಿಸಿಕೊಂಡು ಬಂದಿದ್ದೇವೆ. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಹಿಂದಿನಿಂದ ‘ಅಯ್ಯೋ’ ಎಂಬ ದನಿ ಬರುತ್ತಿತ್ತು. ಎರಡು ವರ್ಷಗಳಿಂದ ಆಕೆ ಸೊಂಟನೋವು ಎನ್ನುತ್ತಿದ್ದರು. ನಾವು ಕೊಟ್ಟ ಉತ್ತರ, ಹೇಳಲು ನಾಚಿಕೆಯಾಗುತ್ತದೆ, ಅದೇ ಮಹಾಮಂತ್ರ: ವಯಸ್ಸಾಯಿತು, ಸ್ವಲ್ಪ ಅಡ್ಜಸ್ಟ್ ಮಾಡಿಕೋ.

ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ ರಾತ್ರಿ ಮರಳುವಾಗ, ಬಣ್ಣ ಬಳಿಯದ ಒಂದು ಹಂಪಿನ ಮೇಲೆ ಗಾಡಿಯ ಹಿಂಭಾಗ ‘ಧಡ್’ ಎಂದು ತಳ ಬಡಿಯಿತು. ಆಕೆ ಬೀಳಲಿಲ್ಲ, ದೇವರು ದೊಡ್ಡವನು. ಆದರೆ ಮನೆ ಮುಟ್ಟಿದಾಗ ಇಳಿಯಲಾಗಲಿಲ್ಲ. ಬೆನ್ನಿನ ಬುಡದ ಮೂಳೆಗೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಐದು ವಾರ ನಡುವೆ ತೂತಿರುವ ದಿಂಬಿನ ಮೇಲೆ ಕೂತರು. ‘ಇನ್ನ ಮ್ಯಾಲೆ ಈ ಗಾಡಿ ಮ್ಯಾಲೆ ನಾ ಕೂಡಂಗಿಲ್ಲ ನೋಡ್ರಿ’ ಎಂದು ಶಾಂತವಾಗಿಯೇ ಹೇಳಿದರು. ಆ ಶಾಂತಿ ನಮ್ಮನ್ನು ಹೆಚ್ಚು ಚುಚ್ಚಿತು.

ಗಾಡಿಯನ್ನು ಗ್ಯಾರೇಜಿಗೆ ಒಯ್ದೆವು. ಮೇಸ್ತ್ರಿ ಒಮ್ಮೆ ಗಾಡಿಯನ್ನು, ಒಮ್ಮೆ ನಮ್ಮನ್ನು ನೋಡಿ ನಕ್ಕ: ‘ಸಾಹೇಬ್, ವಜನ ಕಮೀ ಕರಾ.’ ತೂಕ ಇಳಿಸಿ ಎಂದು! ಗಾಡಿ ಕೊಂಡ ಅಂಗಡಿಗೆ ಹೋದೆವು. ಅಲ್ಲಿಯೂ ಅದೇ ನಗೆ, ಮರಾಠಿಯ ಬದಲು ಹಿಂದಿಯಲ್ಲಿ. ಇಬ್ಬರಲ್ಲಿ ಒಬ್ಬನೂ ಬಗ್ಗಿ ನೋಡಲಿಲ್ಲ. ಮನೆಗೆ ಬಂದು ಸೀಟಿನ ಕೆಳಗಿನ ಸಾಮಾನಿನ ಚೀಲ ಬಿಚ್ಚಿದೆವು. ಅದರಲ್ಲಿ ಅರ್ಧಚಂದ್ರಾಕಾರದ ಒಂದು ಪಾನಾ, ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ, ಆರು ವರ್ಷಗಳಿಂದ ನಿದ್ರಿಸುತ್ತಿತ್ತು. ಶಾಕಪ್ಪಿನ ಸ್ಪ್ರಿಂಗಿನ ಬುಡದಲ್ಲಿ ಐದು ಮೆಟ್ಟಿಲುಗಳ ಒಂದು ಬಳೆ. ಅದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿತ್ತು. ಎಂದರೆ ಹಗುರ ಸವಾರನೊಬ್ಬನೇ ಕೂರುವ ಸ್ಥಿತಿಯಲ್ಲಿ, ಕೊಂಡ ದಿನದಿಂದಲೂ!

ಓದುಗ ಬಂಧುಗಳೇ, ಆರುನೂರು ರೂಪಾಯಿಯ ಅಂಗಿ ಹೊಲಿಸಲು ಹೋದರೆ ದರ್ಜಿ ಕುತ್ತಿಗೆ, ತೋಳು, ಎದೆ, ಹೊಟ್ಟೆ ಎಲ್ಲದರ ಅಳತೆ ತೆಗೆಯುತ್ತಾನೆ. ಲಕ್ಷ ರೂಪಾಯಿಯ ಗಾಡಿ ಕೊಂಡಾಗ ಹಾರ ಹಾಕಿದರು, ತೆಂಗಿನಕಾಯಿ ಒಡೆಸಿದರು, ಪೇಢೆಯ ಡಬ್ಬಿ ಕೊಟ್ಟರು, ಫೋಟೋ ತೆಗೆದರು. ‘ನಿಮ್ಮ ತೂಕವೆಷ್ಟು? ಹಿಂದೆ ಯಾರು ಕೂರುತ್ತಾರೆ?’ ಎಂದು ಕೇಳಿದವರುಂಟೇ? ಹೊಗೆ ಪರೀಕ್ಷೆಯ ನಿಯಮದಲ್ಲಿ ಸವಾರನೆಂದರೆ 75 ಕಿಲೋ ಎಂದು ಲೆಕ್ಕ ಹಿಡಿಯುತ್ತಾರೆ. ಪರೀಕ್ಷೆಗೆ ಒಂದು ಅಂಕಿ ಬೇಕು, ಸರಿ. ಆದರೆ ರಸ್ತೆಯ ಮೇಲಿನ ಸವಾರರೆಲ್ಲರೂ ಆ ಅಂಕಿಯ ಅಚ್ಚಿನಲ್ಲಿ ಎರಕ ಹೊಯ್ದವರಲ್ಲ ಎಂದು ತಿಳಿದೇ ಗಾಡಿ ಮಾಡಿದವರು ಐದು ಮೆಟ್ಟಿಲು ಇಟ್ಟಿದ್ದಾರೆ. ಮಾಡಿದವನಿಗಿದ್ದ ವಿವೇಕ ಮಾರುವವನಿಗೆ ಇಲ್ಲ, ರಿಪೇರಿಯವನಿಗೆ ಇಲ್ಲ. ಕೊಂಡ ನಮಗಂತೂ ಇರಲೇ ಇಲ್ಲ.

ನಮ್ಮ ಅಪರಾಧ ಇನ್ನೂ ದೊಡ್ಡದು, ಏಕೆಂದರೆ ನಾವು ಬಿ.ಎಸ್ಸಿ. ಧಾರವಾಡದ ಪ್ರಯೋಗಶಾಲೆಯಲ್ಲಿ ಸ್ಪ್ರಿಂಗಿಗೆ ತೂಕ ಕಟ್ಟಿ ಗ್ರಾಫು ಎಳೆದವರು. ರಾಬರ್ಟ್ ಹುಕ್ ಎಂಬ ಪುಣ್ಯಾತ್ಮ 1678ರಲ್ಲೇ ಪ್ರಕಟಿಸಿದ್ದಾನೆ: ಭಾರ ಎಷ್ಟೋ ಸ್ಪ್ರಿಂಗಿನ ಜಗ್ಗುವಿಕೆ ಅಷ್ಟು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಗಿಟ್ಟಿಸಿದ ನಾವು, ಆ ಸ್ಪ್ರಿಂಗಿನ ಮೇಲೆಯೇ ಕೂತು ಆರು ವರ್ಷ ತಿರುಗಿದರೂ ಒಮ್ಮೆಯೂ ಅದನ್ನು ನೆನೆಯಲಿಲ್ಲ. ಪದವಿ ಗೋಡೆಯ ಮೇಲಿತ್ತು, ಪಾನಾ ಚೀಲದಲ್ಲಿತ್ತು.

ಆ ಭಾನುವಾರ ಮಗನ ಕೈಗೆ ಟೇಪು ಕೊಟ್ಟು ಅಳತೆಗೆ ನಿಂತೆವು. ಇದಕ್ಕೆ ಎಂಜಿನಿಯರೇ ಬೇಕಿಲ್ಲ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ನೆಲ ಬಿಟ್ಟು ಜೋತಿರುವಾಗ, ಚಕ್ರದ ಅಚ್ಚಿನಿಂದ ನೇರ ಮೇಲಕ್ಕೆ ಸೀಟಿನ ಕೆಳಗೆ ಮಾಡಿಕೊಂಡ ಒಂದು ಗುರುತಿಗೆ ಅಳೆಯುವುದು. ಆಮೇಲೆ ಸ್ಟ್ಯಾಂಡು ಇಳಿಸಿ, ಗಾಡಿ ತನ್ನ ತೂಕದಲ್ಲಿ ತಾನೇ ನಿಂತಾಗ ಅಳೆಯುವುದು. ಕೊನೆಗೆ ಸವಾರ ಎಂದಿನಂತೆ ಕೂತು, ಒಬ್ಬರು ಗಾಡಿ ಹಿಡಿದುಕೊಂಡಾಗ ಅಳೆಯುವುದು. ಮೊದಲ ಅಳತೆಯಿಂದ ಎಷ್ಟು ಕಡಿಮೆಯಾಯಿತೋ ಅದೇ ಕುಸಿತ. ಸವಾರ ಕೂತಾಗಿನ ಕುಸಿತ ಚಕ್ರದ ಒಟ್ಟು ಓಡಾಟದ ಮೂರನೇ ಒಂದು ಭಾಗದ ಸುಮಾರಿಗೆ ಇರಬೇಕೆಂಬುದು ಬಲ್ಲವರು ಒಪ್ಪಿದ ಲೆಕ್ಕ. ಉಳಿದ ಎರಡು ಭಾಗ ಹಳ್ಳ ದಿಣ್ಣೆಗಳಿಗೆ ಮೀಸಲು.

ನಮ್ಮ ಗಾಡಿಯ ಹಿಂದಿನ ಚಕ್ರದ ಓಡಾಟ 100 ಮಿಲಿಮೀಟರ್. ಬರೇ ಗಾಡಿಯ ಕುಸಿತ 10. ನಾವು ಕೂತಾಗ 52. ಮನೆಯವರನ್ನು ಬೇಡಿಕೊಂಡು ದಿಂಬಿನ ಸಮೇತ ಎರಡು ನಿಮಿಷ ಕೂರಿಸಿದಾಗ 88! ನೂರರಲ್ಲಿ ಎಂಬತ್ತೆಂಟು ಗಾಡಿ ಹೊರಡುವ ಮೊದಲೇ ಖರ್ಚು. ಉಳಿದ ಹನ್ನೆರಡು ಮಿಲಿಮೀಟರಿನಲ್ಲಿ ಪುಣೆಯ ರಸ್ತೆಗಳನ್ನು ದಾಟಬೇಕು. ತಿಂಗಳ ಸಂಬಳದಲ್ಲಿ ಎಂಬತ್ತೆಂಟು ಪಾಲು ಒಂದನೇ ತಾರೀಖಿಗೇ ಮುಗಿದರೆ ಸಂಸಾರ ಏನಾದೀತು ಎಂಬುದನ್ನು ಗುಮಾಸ್ತರಿಗೆ ಬಿಡಿಸಿ ಹೇಳಬೇಕಿಲ್ಲ. ಆಕೆಯ ಸೊಂಟನೋವು ವಯಸ್ಸಿನದಲ್ಲ, ಲೆಕ್ಕದ ತಪ್ಪಿನದು. ಆ ತಪ್ಪು ನಮ್ಮದು.

ಪೆಟ್ಟು ಬೆನ್ನಿಗೆ ಮಾತ್ರವೂ ಅಲ್ಲ. ಹಿಂಭಾಗ ಕುಸಿದಾಗ ಮುಂಭಾಗ ಮೇಲೆದ್ದು ದೀಪದ ಬೆಳಕು ಎದುರು ಬರುವವನ ಕಣ್ಣಿಗೆ ರಾಚುತ್ತದೆ. ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಹ್ಯಾಂಡಲ್ಲು ಸಡಿಲವಾದಂತಾಗುತ್ತದೆ. ತಿರುವಿನಲ್ಲಿ ವಾಲಿಸಿದರೆ ಸ್ಟ್ಯಾಂಡು ನೆಲಕ್ಕೆ ತಾಗುತ್ತದೆ. ಕಾತ್ರಜ್ ಘಾಟಿನ ತಿರುವಿನಲ್ಲಿ ಎರಡು ಬಾರಿ ಕೆಳಗಿನಿಂದ ‘ಕರ್ರ್’ ಎಂದದ್ದನ್ನು ನಾವು ಕಲ್ಲು ಸಿಡಿದದ್ದೆಂದು ತಿಳಿದಿದ್ದೆವು.

ಇನ್ನು ಬುದ್ಧಿ ಹೇಳಲು ಬರುವವರ ಪಂಗಡಗಳನ್ನು ಒಂದೊಂದಾಗಿ ವಿಚಾರಿಸೋಣ.

‘ತೂಕ ಇಳಿಸಿ’ ಎನ್ನುವವರದು ಮೊದಲ ಪಂಗಡ. ಇಳಿಸಬೇಕು, ನಿಜ, ಡಾಕ್ಟರೂ ಹೇಳಿದ್ದಾರೆ. ಆದರೆ ಅದು ತಿಂಗಳುಗಳ ಕೆಲಸ, ಪಾನಾ ತಿರುಗಿಸುವುದು ಹತ್ತು ನಿಮಿಷದ ಕೆಲಸ. ನಾವು 80 ಕಿಲೋಗೆ ಇಳಿಯುವವರೆಗೆ ಹಿಂದೆ ಕೂತವರ ಮೂಳೆ ಕಾಯಬೇಕೇ? ತೆಳ್ಳಗಿನವನೂ ಹೆಂಡತಿ, ಅಕ್ಕಿ ಚೀಲಗಳೊಡನೆ ಹೊರಟರೆ ಸ್ಪ್ರಿಂಗಿನ ಪಾಲಿಗೆ ದಪ್ಪಗಿನವನೇ.

ಎರಡನೆಯ ಪಂಗಡ, ‘ಗಟ್ಟಿ ಗಾಳಿ ಹೊಡೆಸಿ’ ಎನ್ನುವವರದು. ಹಿಂದೆ ಜನ ಕೂತಾಗ ಎಷ್ಟು ಗಾಳಿ ಎಂದು ಪುಸ್ತಕದಲ್ಲಿ ಬೇರೆ ಅಂಕಿಯೇ ಇದೆ, ಅಷ್ಟು ಹೊಡೆಸಲೇಬೇಕು. ಅದಕ್ಕೆ ಮೀರಿದರೆ ಟೈರಿನ ಹಿಡಿತ ಹೋಗುತ್ತದೆ, ಮಳೆಗಾಲದಲ್ಲಿ ಜಾರಿ ಬೀಳುತ್ತೀರಿ.

ಮೂರನೆಯವರು ‘ದಪ್ಪ ಎಣ್ಣೆ ಹಾಕಿಸಿ’ ಎನ್ನುತ್ತಾರೆ. ಶಾಕಪ್ಪಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳಿ ಸ್ಪ್ರಿಂಗಿನ ಓಟದ ವೇಗವನ್ನು ತಡೆಯುತ್ತದೆ. ಅದು ಭಾರ ಹೊರುವುದಿಲ್ಲ. ಗಾಡಿ ನಿಂತಿರುವಾಗ ತೂಕವನ್ನು ಹೊರುವುದು ಸ್ಪ್ರಿಂಗು ಮಾತ್ರ.

ನಾಲ್ಕನೆಯದು ನಮ್ಮ ಸಂಘದ ಹಿರಿಯರ ಪಂಗಡ. ‘ಮೈಸೂರಿನ ಜಾವಾ ಇದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ’ ಎನ್ನುತ್ತಾರೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ನಡೆದ ಆ ಕಾರ್ಖಾನೆಯ ಬಗ್ಗೆ ನಮಗೂ ಅಭಿಮಾನವುಂಟು. ಆದರೆ ಜಾವಾಕ್ಕೂ ಸ್ಪ್ರಿಂಗೇ ಇತ್ತು, ಹುಕ್ ಮಹಾಶಯನ ನಿಯಮಕ್ಕೆ ಊರಿನ ಅಭಿಮಾನವಿಲ್ಲ. 350 ಸಿ.ಸಿ. ಬುಲೆಟ್ಟು ಕೊಳ್ಳಿ ಎನ್ನುವವರಿಗೂ ಇದೇ ಉತ್ತರ. ಅದರ ಸ್ವಂತ ತೂಕವೇ ಸುಮಾರು 195 ಕಿಲೋ. ದೊಡ್ಡ ಗಾಡಿಯನ್ನೂ ಅಳೆದು ನೋಡದೆ ಹತ್ತಿದರೆ ಆಗುವುದು ಇದೇ ಕಥೆ, ಕಂತು ಮಾತ್ರ ದೊಡ್ಡದು.

ಐದನೆಯದು ಅರ್ಧ ತಿಳಿದವರದು, ಆದ್ದರಿಂದ ಅಪಾಯದ್ದು. ‘ಐದನೇ ಮೆಟ್ಟಿಲಿಗೆ ಹಾಕಿ, ಸ್ಪ್ರಿಂಗು ಗಟ್ಟಿಯಾಗುತ್ತದೆ’ ಎನ್ನುತ್ತಾರೆ. ಆಗುವುದಿಲ್ಲ, ಸ್ವಾಮಿ! ಭಾಜಿ ಮಾರುವವನ ಸ್ಪ್ರಿಂಗ್ ತಕ್ಕಡಿಯನ್ನು ನೆನೆಯಿರಿ. ಮುಳ್ಳನ್ನು ಹಿಂದೆ ಮುಂದೆ ಸರಿಸಿಟ್ಟ ಮಾತ್ರಕ್ಕೆ ಒಂದು ಕಿಲೋ ಬದನೆಗೆ ಅದು ಓಡುವ ದೂರ ಬದಲಾಗುವುದಿಲ್ಲ. ಹೊರಡುವ ಜಾಗ ಮಾತ್ರ ಬದಲಾಗುತ್ತದೆ. ಮೆಟ್ಟಿಲು ಏರಿಸಿದರೆ ಗಾಡಿ ಎತ್ತರಕ್ಕೆ ಬರುತ್ತದೆ, ಸ್ಪ್ರಿಂಗಿನ ಸ್ವಭಾವ ಹಾಗೆಯೇ ಉಳಿಯುತ್ತದೆ. ನಾವು ಐದನೇ ಮೆಟ್ಟಿಲಿಗೆ ಹಾಕಿದೆವು. ಎರಡೂ ಬದಿ ಸಮನಾಗಿ ಹಾಕಬೇಕು, ಇದನ್ನು ಮರೆಯಬಾರದು. ನಾವೊಬ್ಬರೇ ಕೂತಾಗಿನ ಕುಸಿತ 52ರಿಂದ 30ಕ್ಕೆ ಇಳಿಯಿತು. ಸಂತೋಷವಾಯಿತು. ಆದರೆ ಬರೇ ಗಾಡಿಯ ಕುಸಿತ ಸೊನ್ನೆಯಾಗಿತ್ತು. ಎಂದರೆ ಸವಾರನಿಲ್ಲದಾಗ ಸ್ಪ್ರಿಂಗು ಮೇಲಿನ ತುದಿಗೆ ಒತ್ತಿ ನಿಂತಿದೆ. ಈ ಸ್ಪ್ರಿಂಗು ಈ ಸವಾರನಿಗೆ ಮೆತ್ತಗಾಯಿತು ಎಂದು ಅದೇ ಬಾಯಿ ಬಿಟ್ಟು ಹೇಳುತ್ತಿದೆ. ಹೀಗಾದವರು ಗಟ್ಟಿ ಸ್ಪ್ರಿಂಗಿನ ಶಾಕಪ್ ಜೋಡಿಯನ್ನೇ ಹಾಕಿಸಬೇಕು. ಬರೇ ಸ್ಪ್ರಿಂಗು ಬದಲಿಸಿದರೆ ಹಳೆಯ ಎಣ್ಣೆಯ ತಡೆ ಸಾಲದೆ ಗಾಡಿ ಕುದುರೆಯಂತೆ ನೆಗೆಯಬಹುದು. ನಾವು ಜೋಡಿಯನ್ನೇ ಬದಲಿಸಿದೆವು. ಈಗ ಗಾಡಿಯ ಕುಸಿತ 4, ನಾವು ಕೂತಾಗ 37. ಹಂಪು ಬಂದರೆ ಏರುತ್ತೇವೆ, ಇಳಿಯುತ್ತೇವೆ, ಸದ್ದಿಲ್ಲ.

ಇಷ್ಟಕ್ಕೇ ಲೇಖನ ಮುಗಿಸಿ ಬೆನ್ನು ತಟ್ಟಿಕೊಳ್ಳಬಹುದಿತ್ತು. ಆದರೆ ಪುಸ್ತಕ ಬಿಚ್ಚಿದ ತಪ್ಪಿಗೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ನಮ್ಮ ಗಾಡಿ ಹೊರಬಹುದಾದ ಒಟ್ಟು ಭಾರ, ಜನ ಸಾಮಾನು ಸೇರಿ, 150 ಕಿಲೋ. ನಾವಿಬ್ಬರೇ 166. ಎಷ್ಟು ಗಟ್ಟಿ ಸ್ಪ್ರಿಂಗು ಹಾಕಿದರೂ ಈ ಅಂಕಿ ಬದಲಾಗದು. ಬ್ರೇಕು, ಟೈರು, ಚೌಕಟ್ಟು ಎಲ್ಲದರ ಲೆಕ್ಕ ಅದರಲ್ಲಿದೆ. ಮೋಟಾರು ವಾಹನ ಕಾಯಿದೆಯ 128ನೇ ಕಲಂ ಹಿಂದೆ ಒಬ್ಬರನ್ನು ಕೂರಿಸಬಹುದು ಎಂದು ತಲೆ ಎಣಿಸುತ್ತದೆ. ಸ್ಪ್ರಿಂಗಿಗೆ ತಲೆ ಕಾಣುವುದಿಲ್ಲ, ಕಿಲೋ ಮಾತ್ರ ಕಾಣುತ್ತದೆ. ಆದ್ದರಿಂದ ಈಗ ಗಾಡಿಯ ಮೇಲೆ ನಾವೊಬ್ಬರೇ. ಇಬ್ಬರೂ ಹೊರಟರೆ ಬಸ್ಸು, ರಿಕ್ಷಾ. ಖರ್ಚು ಹೆಚ್ಚಾಯಿತು, ಸಂಘಕ್ಕೆ ಬರುವುದು ಅರ್ಧ ಗಂಟೆ ತಡವಾಯಿತು. ಅಡ್ಜಸ್ಟ್ ಮಾಡಿಕೊಂಡಿದ್ದೇವೆ. ಮಾಡಿಕೊಳ್ಳಬೇಕಾದ ಅಡ್ಜಸ್ಟ್ ಇದು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಗಾಡಿ ಮಾರುವವರು ಬಣ್ಣ ಕೇಳುವ ಮುನ್ನ ತೂಕ ಕೇಳಲಿ. ಒಪ್ಪಿಸುವ ಕಾಗದದಲ್ಲಿ ‘ಶಾಕಪ್ ಇಂತಿಷ್ಟನೇ ಮೆಟ್ಟಿಲು’ ಎಂದು ಬರೆದು ಸಹಿ ಹಾಕಲಿ. ಕೇಳದಿದ್ದರೆ ನಾವೇ ಬಾಯಿಬಿಟ್ಟು ಹೇಳೋಣ, ತೂಕ ಹೇಳಲು ನಾಚಿಕೆ ಬೇಡ. ವಾಹನಗಳನ್ನು ಪರೀಕ್ಷಿಸುವ ದೊಡ್ಡ ಸಂಸ್ಥೆ 1966ರಿಂದ ನಮ್ಮ ಪುಣೆಯಲ್ಲೇ ಇದೆ; ಅಂಥ ಊರಿನಲ್ಲಿದ್ದೂ ನಮ್ಮ ಗಾಡಿಯನ್ನು ನಾವು ಒಮ್ಮೆಯೂ ಅಳೆಯದಿರುವುದು ಗಂಗೆಯ ದಡದಲ್ಲಿದ್ದೂ ಮೀಯದ ಹಾಗೆ.

ಸಂಘದ ಪದಾಧಿಕಾರಿಗಳಿಗೂ ಒಂದು ಅರಿಕೆ. ಮುಂದಿನ ಮಾಸಿಕ ಸಭೆಯಂದು ಕಾಫಿಗೆ ಮುಂಚೆ ಅರ್ಧ ಗಂಟೆ ಅಂಗಳ ಬಿಟ್ಟುಕೊಡಿ. ಟೇಪು, ಪಾನಾ ನಾವು ತರುತ್ತೇವೆ, ಅಳತೆ ಹಿಡಿಯಲು ಮಗ ಬರುತ್ತಾನೆ. ಗಾಡಿಯಲ್ಲಿ ಬಂದವರೆಲ್ಲ ಸಾಲಾಗಿ ನಿಲ್ಲಿಸಿ. ಮತ್ತೆ, ದಯವಿಟ್ಟು, ಹಿಂದಿನ ಸೀಟಿನವರನ್ನೂ ಕರೆತನ್ನಿ. ಮೊದಲು ಅವರ ಮಾತು ಕೇಳೋಣ. ನಮ್ಮ ಮನೆಯವರು ಎರಡು ವರ್ಷ ಹೇಳಿದರು. ನಮಗೆ ಕೇಳಿಸಲು ಒಂದು ಹಂಪು ಬೇಕಾಯಿತು.