ಹಿರಿಯರನ್ನು ಒಪ್ಪಿಸುವ ಮುನ್ನ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯು ರಾಗಿ ಹಿಪ್ಪುನೇರಳೆಗಳ ಸೀಮೆ. ನಾಲ್ಕನೆಯ ಜ್ವರ ಕಳೆದೆದ್ದ ರೇಷ್ಮೆಹುಳುವು ಚಂದ್ರಂಕಿಯನ್ನೇರುವ ತನಕ ಮನೆಮಂದಿಯೆಲ್ಲ ಸೊಪ್ಪು ಕೊಯ್ಯುವುದರಲ್ಲಿಯೂ ಹಾಕುವುದರಲ್ಲಿಯೂ ಇರತಕ್ಕದ್ದು. ಆ ಏಳೆಂಟು ದಿನ ಯಾರಿಗೂ ಬಿಡುವಿಲ್ಲ. ಇಂಥ ಮನೆಯಲ್ಲಿ ಪಾರ್ಶ್ವವಾಯು ಬಡಿದ ತಂದೆಯೋ, ಮರೆವಿನ ರೋಗ ಹತ್ತಿದ ತಾಯಿಯೋ ಇದ್ದು, ಮಗನು ಬೆಂಗಳೂರಿನ ಕೆಲಸದಲ್ಲಿದ್ದರೆ ವೃದ್ಧಾಶ್ರಮದ ಮಾತು ಬರುವುದು ಸಹಜ. ಹಾಗೆ ಮಾತೆತ್ತಿದವರನ್ನು ಕೃತಘ್ನರೆಂದು ಹಳಿಯುವ ವಾಡಿಕೆ ನಮ್ಮಲ್ಲುಂಟು. ಅದು ಅನ್ಯಾಯವೆಂದು ನಮ್ಮ ಅಭಿಪ್ರಾಯ. ಹಗಲೆಲ್ಲ ಬೀಗ ಹಾಕಿದ ಮನೆಯೊಳಗೆ ಮುಪ್ಪಿನವರು ಒಂಟಿಯಾಗಿ ಮಲಗಿರುವಾಗ, ಅವರು ಸ್ವಂತ ಮನೆಯಲ್ಲಿಯೇ ಇದ್ದಾರೆಂದು ಹೆಮ್ಮೆಪಡುವುದರಲ್ಲಿ ಧರ್ಮವೇನೂ ಕಾಣದು. ನಿಂದಿಸಬೇಕಾದುದು ಬೇರೊಂದುಂಟು. ಹಸುವನ್ನು ಕೊಳ್ಳುವಾಗ ಹಲ್ಲೆಣಿಸಿ, ಕೆಚ್ಚಲು ಮುಟ್ಟಿ, ಸುಳಿ ನೋಡಿ, ನಾಲ್ವರನ್ನು ವಿಚಾರಿಸುವ ನಾವೇ ಹೆತ್ತವರನ್ನು ಒಪ್ಪಿಸುವಾಗ ಮುಂಬಾಗಿಲ ಹೂಕುಂಡಗಳನ್ನು ನೋಡಿ ಹಣ ಕಟ್ಟಿ ಬರುತ್ತೇವೆ.

ಇದರಲ್ಲಿ ಸರಕಾರದ ಲೋಪವೂ ಸಣ್ಣದಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರುವತ್ತು ವರ್ಷ ತುಂಬಿದವರು ಸುಮಾರು 58 ಲಕ್ಷ ಮಂದಿ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕೇಂದ್ರದ ಕಾಯಿದೆಯು, ಜಿಲ್ಲೆಗೆ ಒಂದಾದರೂ ಇರುವಂತೆ, ಕಡಮೆಯೆಂದರೆ 150 ಮಂದಿ ನಿರ್ಗತಿಕ ವೃದ್ಧರಿಗೆ ಎಡೆಯಿರುವ ಆಶ್ರಮಗಳನ್ನು ರಾಜ್ಯ ಸರಕಾರಗಳು ಸ್ಥಾಪಿಸಬಹುದೆಂದು ಹೇಳುತ್ತದೆ. ‘ಬಹುದು’ ಎಂಬ ಪದದ ಮರೆಯಲ್ಲಿ ಎಷ್ಟು ವರ್ಷಗಳನ್ನಾದರೂ ಕಳೆಯಬಹುದಷ್ಟೆ! ಹಣ ಪಡೆದು ನಡೆಯಿಸುವ ಖಾಸಗಿ ಆಶ್ರಮಗಳ ವಿಷಯದಲ್ಲಿಯಾದರೋ ಕಾಯಿದೆಯು ಮೌನವಾಗಿದೆ. ಅವುಗಳಿಗೆ ನೋಂದಣಿಯನ್ನೂ ಕನಿಷ್ಠ ಮಟ್ಟವನ್ನೂ ವಿಧಿಸುವ ತಿದ್ದುಪಡಿ ಮಸೂದೆಯು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತು. ಸ್ಥಾಯೀ ಸಮಿತಿಗೆ ಹೋಯಿತು. ಕಾಯಿದೆಯಾಗದೆಯೇ 2024ರಲ್ಲಿ ಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ಇಡ್ಲಿ ಮಾರುವ ಹೋಟೆಲಿನ ಅಡಿಗೆಮನೆಗೆ ಪರವಾನಗಿ ಬೇಕು. ಹಾಸಿಗೆ ಹಿಡಿದವರ ಪ್ರಾಣವನ್ನು ವಹಿಸಿಕೊಳ್ಳುವ ಮನೆಗೆ ಅಂಥ ಕಟ್ಟುನಿಟ್ಟಿಲ್ಲ. ಇಂಗ್ಲೆಂಡಿನಲ್ಲಿ 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆಯು ಇಂಥ ಮನೆಗಳನ್ನು ತಪಾಸಣೆಮಾಡಿ, ಕಂಡುದನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತಿದೆ.

ಆದುದರಿಂದ ಸದ್ಯಕ್ಕೆ ತಪಾಸಣೆಯ ಹೊರೆ ಮನೆಯವರ ಮೇಲೆಯೇ ಬಿದ್ದಿದೆ. ಬೆಂಗಳೂರಿನಿಂದ ಕನಕಪುರಕ್ಕೆ ಬರುವ ರಸ್ತೆಯ ಇಕ್ಕೆಲಗಳಲ್ಲಿ ಈಚೆಗೆ ಹಿರಿಯರ ವಸತಿಗಳು ಎದ್ದಿವೆ. ಅವುಗಳಲ್ಲಿ ಒಂದನ್ನು ನೋಡಹೊರಟವರು ಮೊದಲೇ ತಿಳಿಸಿ, ಭಾನುವಾರ ಹತ್ತು ಗಂಟೆಗೆ ಹೋದರೆ ಕಾಣುವುದು ಮಡಿಕೆ ಮುರಿಯದ ಹಾಸಿಗೆಗಳು ಮಾತ್ರ. ರಾತ್ರಿಯ ಊಟದ ಹೊತ್ತಿಗೆ ಹೋಗಬೇಕು. ರಾತ್ರಿಯಲ್ಲಿ ಎಷ್ಟು ಮಂದಿಗೆ ಎಷ್ಟು ಜನ ಶುಶ್ರೂಷಕರು, ಅವರು ಎಚ್ಚರವಿರುವವರೋ ಮಲಗುವವರೋ ಎಂದು ಕೇಳಬೇಕು. ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನಿನ ಕೆಳಗೂ ಹಿಮ್ಮಡಿಯಲ್ಲಿಯೂ ಹುಣ್ಣಾಗುವುದು. ಹಾಗೆ ತಿರುಗಿಸಿದುದನ್ನು ಗುರುತುಹಾಕುವ ಪುಸ್ತಕವನ್ನು ತೋರಿಸಿರೆಂದರೆ ಅರ್ಧ ಪರೀಕ್ಷೆ ಅಲ್ಲಿಯೇ ಮುಗಿಯಿತು. ಪಾರ್ಶ್ವವಾಯುವಿನವರನ್ನು ಒರಗಿ ಕೂರಿಸಿ ಉಣಿಸುತ್ತಾರೆಯೇ? ಮಲಗಿಸಿದಂತೆಯೇ ಉಣಿಸಿದರೆ ಅನ್ನವು ಶ್ವಾಸನಾಳಕ್ಕೆ ಇಳಿಯುವ ಅಪಾಯವುಂಟು. ಅಲೆದಾಡುವವರನ್ನು ಮಂಚಕ್ಕೆ ಕಟ್ಟುವ ಪದ್ಧತಿಯಿದ್ದರೆ ಮುಂದೆ ಏನೂ ಕೇಳದೆ ಎದ್ದು ಬರಬಹುದು.

ಇದಕ್ಕಿಂತಲೂ ಮುಖ್ಯವಾದುದು ಭಾಷೆ. ಕೋಡಿಹಳ್ಳಿಯ ಅಜ್ಜಿಗೆ ತನ್ನ ಹಳ್ಳಿಗನ್ನಡವಲ್ಲದೆ ಬೇರೊಂದು ಮಾತು ಬಾರದು. ಆರೈಕೆಗೆ ನಿಂತವರಾದರೋ ಅನೇಕ ಕಡೆ ದೂರದ ರಾಜ್ಯಗಳಿಂದ ಹೊಟ್ಟೆಪಾಡಿಗಾಗಿ ಬಂದ ಎಳೆಯ ಹೆಣ್ಣುಮಕ್ಕಳು. ಅವರನ್ನು ದೂರುವಂತಿಲ್ಲ, ಅವರ ದುಡಿಮೆಯಿಂದಲೇ ಈ ಮನೆಗಳು ನಡೆಯುತ್ತಿವೆ. ಆದರೆ ನಡುರಾತ್ರಿಯಲ್ಲಿ ಅಜ್ಜಿಯು “ಎದೆ ಹಿಡ್ಕಂಡಂಗಾಯ್ತದೆ ಕಣವ್ವ” ಎಂದಾಗ ಅದನ್ನು ತಿಳಿಯುವ ಒಬ್ಬರಾದರೂ ಕೂಗಳತೆಯಲ್ಲಿ ಇರದಿದ್ದರೆ, ಬಾಗಿಲಲ್ಲಿ ನಿಂತ ಆಂಬುಲೆನ್ಸ್ ಯಾವ ಪ್ರಯೋಜನಕ್ಕೆ? ಪ್ರತಿ ಸರದಿಯಲ್ಲಿಯೂ ಕನ್ನಡ ಬಲ್ಲವರೊಬ್ಬರು ಇರತಕ್ಕದ್ದೆಂದು ಕರಾರಿನಲ್ಲಿಯೇ ಬರೆಯಿಸಬೇಕು. ಮುದ್ದೆ ಉಂಡು ಬೆಳೆದವರಿಗೆ ಮುದ್ದೆ ಸಿಕ್ಕುವುದೇ ಎಂಬುದನ್ನು ಕೂಡ ಕೇಳಲು ಸಂಕೋಚಪಡಬಾರದು. ಠೇವಣಿಯನ್ನು ಯಾವಾಗ ಹಿಂದಿರುಗಿಸುವರು, ರಾತ್ರಿ ಕಾಯಿಲೆಯಾದರೆ ಯಾವ ಆಸ್ಪತ್ರೆಗೆ ಯಾರು ಒಯ್ಯುವರು ಎಂಬುದೂ ಆ ಪತ್ರದಲ್ಲಿಯೇ ಇರಲಿ.

ಇಷ್ಟೆಲ್ಲ ವಿಚಾರಿಸುವ ಮಕ್ಕಳು ಬಹುಮಟ್ಟಿಗೆ ಕೇಳಲು ಮರೆಯುವುದು ಹೋಗಿ ಇರಬೇಕಾದವರನ್ನೇ. “ಆಸ್ಪತ್ರೆಗೆ ತೋರಿಸಿಕೊಂಡು ಬರೋಣ” ಎಂದು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟುಬರುವ ಪದ್ಧತಿಯನ್ನು ಎಷ್ಟು ಖಂಡಿಸಿದರೂ ಸಾಲದು. ಬುದ್ಧಿ ನೆಟ್ಟಗಿರುವ ಹಿರಿಯರು ಆ ಮನೆಯನ್ನು ಕಣ್ಣಾರೆ ನೋಡಿ, ಅಲ್ಲಿರುವ ತಮ್ಮ ವಯಸ್ಸಿನವರೊಡನೆ ಮಾತಾಡಿ, ಬೇಡವೆನ್ನಲು ಸ್ವತಂತ್ರರಾಗಿರಬೇಕು. ಮೊದಲನೆಯ ತಿಂಗಳನ್ನು ಪರೀಕ್ಷೆಯ ತಿಂಗಳೆಂದು ಎಣಿಸಿ, ಅದು ಮುಗಿಯುವವರೆಗೆ ಮನೆಯಲ್ಲಿನ ಅವರ ಮಂಚವನ್ನು ತೆಗೆಯದಿರುವುದು ಲೇಸು.

ಆರಿಸಿಕೊಳ್ಳುವ ಶಕ್ತಿಯಿಲ್ಲದವರ ಗತಿಯೇನು? ಸಂಧ್ಯಾ ಸುರಕ್ಷಾ ಮಾಸಾಶನವು 2021ರಲ್ಲಿ 1,200 ರೂಪಾಯಿಗೆ ಏರಿತು. 2007ರ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಲಿಯು ಮಕ್ಕಳಿಂದ ಕೊಡಿಸಬಹುದಾದುದು ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಶುಶ್ರೂಷೆಯುಳ್ಳ ಖಾಸಗಿ ಮನೆಯ ಶುಲ್ಕವು ಇದನ್ನು ಮೀರುವುದೇ ಸಾಮಾನ್ಯ. ಜಿಲ್ಲೆಯ ಸಾರ್ವಜನಿಕ ಆಶ್ರಮದ ಪ್ರಶ್ನೆಯು ಇಂಥವರದು; ಅದನ್ನು ನಮ್ಮ ಶಾಸಕರು ವಿಧಾನಸಭೆಯಲ್ಲಿ ಎತ್ತಬೇಕು. ಹೊಸ ಕಾಯಿದೆ ಬರುವ ತನಕ ಜಿಲ್ಲಾಧಿಕಾರಿಗಳು ಮಾಡಬಹುದಾದ ಕೆಲಸವೊಂದುಂಟು. ತಾಲ್ಲೂಕಿನಲ್ಲಿರುವ ಇಂಥ ಮನೆಗಳನ್ನೆಲ್ಲ ವರ್ಷಕ್ಕೆರಡು ಬಾರಿ ಒಬ್ಬ ವೈದ್ಯಾಧಿಕಾರಿಯಿಂದ ನೋಡಿಸಿ, ಕಂಡುದನ್ನು ಬರೆದು, ಆ ಪಟ್ಟಿಯನ್ನು ಕನಕಪುರದ ತಾಲ್ಲೂಕು ಕಛೇರಿಯಲ್ಲಿಯೂ ಕೋಡಿಹಳ್ಳಿಯ ನಾಡಕಛೇರಿಯಲ್ಲಿಯೂ ಅಂಟಿಸಲಿ.