ಉಬ್ಬುವುದೆಲ್ಲ ಅಹಂಕಾರವೇ?

'ಉಬ್ಬು' ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ನಮ್ಮ ಪಾಮನಕಲ್ಲೂರಿನಲ್ಲಿ, ಮನೆತನಕ್ಕೆ ಮೊದಲಿಗನಾಗಿ ಕಾಲೇಜು ಸೇರಿದವನು ನಾಲ್ಕು ಮಾತು ಗಟ್ಟಿಯಾಗಿ ಆಡಿದರೆ "ಓದಿ ಉಬ್ಬ್ಯಾನ" ಎನ್ನುವವರುಂಟು. ನಾನೂ ಅದನ್ನು ಕೇಳಿಸಿಕೊಂಡವನೇ. ಆದುದರಿಂದ, ಉಬ್ಬುವುದನ್ನೇ ಬಾಳಿನ ಉಪಾಯ ಮಾಡಿಕೊಂಡ ಒಂದು ಮೀನಿನ ಪಕ್ಷ ವಹಿಸಿ ಬರೆಯುತ್ತಿದ್ದೇನೆ. ಕಡಲಿಲ್ಲದ ಸೀಮೆಯ ಕಲಾವಿದ್ಯಾರ್ಥಿಗೆ ಮೀನಿನ ಗೊಡವೆಯೇಕೆಂದು ವಾಚಕರು ನಗಬಾರದು.

ಇಂಗ್ಲಿಷಿನಲ್ಲಿ ಇದು 'ಪಫರ್'. ನಾವು ಉಬ್ಬುಮೀನು ಎನ್ನೋಣ. ನಮ್ಮ ಕರಾವಳಿಯ ಕಡಲಿನಲ್ಲಿ ಇದರ ಜಾತಿಗಳುಂಟು. ಕೇರಳ ಮತ್ತು ದಕ್ಷಿಣ ಕರ್ನಾಟಕದ ಸಿಹಿನೀರಿನಲ್ಲಿ ಸುಮಾರು 3 ಸೆಂಟಿಮೀಟರ್ ಉದ್ದದ ಕುಳ್ಳ ಜಾತಿಯೊಂದಿದೆ. ವಿಜ್ಞಾನಿಗಳು ಅದನ್ನು ಮೊದಲು ಬಣ್ಣಿಸಿದ್ದು 1941ರಲ್ಲಿ.

ಉಬ್ಬುಮೀನು ಮಂದಗತಿಯ ಪ್ರಾಣಿ. ಓಡಿ ಪಾರಾಗಲಾರದೆ, ಅಪಾಯ ಬಂದಾಗ ಗುಟುಕು ಗುಟುಕಾಗಿ ನೀರು ನುಂಗುತ್ತದೆ. ಇದಕ್ಕೆ ಪಕ್ಕೆಲುಬುಗಳಿಲ್ಲ, ಮಡಿಕೆಗಟ್ಟಿದ ಜಠರವೂ ಚರ್ಮವೂ ಹಿಗ್ಗುತ್ತವೆ. ಚೆಂಡಾದ ಮೀನು ಶತ್ರುವಿನ ಬಾಯಿಗೆ ಹಿಡಿಸದು. ಈ ಉಪಾಯವೇನೂ ಬಿಟ್ಟಿಯದಲ್ಲ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಂತೆ, ಉಬ್ಬಿದಾಗ ಅದಕ್ಕೆ ಹೆಚ್ಚು ಪ್ರಾಣವಾಯು ಬೇಕು. ಆ ದಣಿವು ಆರಲು ಹಲವು ಗಂಟೆಗಳೇ ಹಿಡಿಯುತ್ತವೆ.

ಇದರ ಇನ್ನೊಂದು ಬಲ ಒಳಗಿದೆ. ಹಲವು ಜಾತಿಗಳ ಯಕೃತ್ತು, ಅಂಡಾಶಯಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ಘೋರ ವಿಷವಿದೆ. 1909ರಲ್ಲಿ ಜಪಾನಿನ ತಹಾರಾ ಅದಕ್ಕೆ ಈ ಹೆಸರಿಟ್ಟರು. ಅದು ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಿ ಉಸಿರಾಟವನ್ನೇ ನಿಲ್ಲಿಸಬಲ್ಲದು. ಬೇಯಿಸಿದರೆ ನಾಶವಾಗದು, ಅದಕ್ಕೆ ಪ್ರತಿವಿಷವೂ ಇಲ್ಲ. ಸೋಜಿಗವೆಂದರೆ, ಈ ವಿಷದ ಮೂಲ ಬ್ಯಾಕ್ಟೀರಿಯಾಗಳು. ಮೀನಿಗೆ ಅದು ಆಹಾರದಿಂದ ಬರುತ್ತದೆ. ವಿಷರಹಿತ ಆಹಾರ ಕೊಟ್ಟು ಸಾಕಿದ ಮೀನಿನಲ್ಲಿ ಅದು ಕೂಡುವುದಿಲ್ಲ. ಮೀನಿನ ನರದ್ವಾರಗಳ ರಚನೆ ತುಸು ಬೇರೆಯಾದ್ದರಿಂದ ಅದಕ್ಕೆ ಬಾಧೆಯಿಲ್ಲ.

ಹೀಗಿರಲು ಉಬ್ಬುವುದನ್ನು ಅಹಂಕಾರವೆನ್ನುವುದು ನ್ಯಾಯವೇ? ವೇಗವುಳ್ಳ ಮೀನಿಗೆ ಉಬ್ಬುವ ಅಗತ್ಯವೇ ಇಲ್ಲ. ತಲೆಮಾರುಗಳಿಂದ ಹೆಬ್ಬೆಟ್ಟು ಒತ್ತಿದ ಮನೆಯ ಹುಡುಗ ಕಚೇರಿಯ ಕಿಟಕಿಯ ಮುಂದೆ ದನಿಯೇರಿಸಿದರೆ, ಅದು ಸೊಕ್ಕಿಗಿಂತ ಹೆಚ್ಚಾಗಿ ಅಂಜಿಕೆಯ ಕೆಲಸವೆಂದು ನನ್ನ ಅಭಿಪ್ರಾಯ. ತಂದೆಯಂತೆ ತಾನೂ ಬರಿಗೈಯಲ್ಲಿ ಮರಳಬೇಕಾದೀತೆಂಬ ಅಂಜಿಕೆ ಅದು. ಹಿರಿಯರು ಇದನ್ನು ಅರಿತು ಮನ್ನಿಸಬೇಕು.

ಸಹಪಾಠಿಗಳಿಗೂ ಒಂದು ಮಾತು. ಅಪಾಯ ಕಳೆದೊಡನೆ ಮೀನು ನೀರನ್ನು ಉಗುಳಿ ತನ್ನ ಗಾತ್ರಕ್ಕೆ ಮರಳುತ್ತದೆ. ಓದಿಸಿದ ತಾಯಿತಂದೆಯರೆದುರು, ಓದಲಾಗದ ಗೆಳೆಯರೆದುರು ನಮಗೆ ಯಾವ ಅಪಾಯವೂ ಇಲ್ಲ. ಅಲ್ಲಿಯೂ ಉಬ್ಬಿ ನಿಲ್ಲುವವನ ಪರವಾಗಿ ಈ ಮೀನು ಸಾಕ್ಷಿ ನುಡಿಯದು.