ಅಂಗಿಯ ಅಕ್ಷರ, ಪೊಟ್ಟಣದ ಅಕ್ಷರ

ಹೊಸೂರಿನ ಬಟ್ಟೆ ಅಂಗಡಿಗಳಲ್ಲಿ ತೂಗುವ ಮಕ್ಕಳ ಅಂಗಿಗಳ ಎದೆಯ ಮೇಲೆ ಇಂಗ್ಲಿಷ್ ಸಾಲುಗಳು ಮೆರೆಯುತ್ತವೆ. ಕಾಗುಣಿತ ತಪ್ಪಿದವು ಕೆಲವು; ಅರ್ಥವೇ ಕೂಡದವು ಹಲವು. ಕನ್ನಡ ಮಾಧ್ಯಮದಲ್ಲಿ ಓದುವ ಬಾಲಕನು ಅದರ ಅರ್ಥವೇನೆಂದು ತಂದೆಯನ್ನು ಕೇಳುತ್ತಾನೆ. ತಂದೆಯು ತನ್ನ ಓದು ಸಾಲದೆಂದು ನಾಚಿ ಸುಮ್ಮನಾಗುತ್ತಾನೆ. ನಾಚಬೇಕಾದುದೇನೂ ಇಲ್ಲ. ಇಲ್ಲದ ಅರ್ಥವನ್ನು ಯಾವ ಪಂಡಿತನೂ ಹೇಳಲಾರ.

ಇದು ಏಷ್ಯಾದ ಹಲವು ದೇಶಗಳಲ್ಲಿ ಕಾಣುವ ಸಂಗತಿ. ಜಪಾನಿನಲ್ಲಿ 1980ರಿಂದ ಮಾರಾಟದಲ್ಲಿರುವ ಒಂದು ಪಾನೀಯದ ಹೆಸರು ‘ಪೊಕಾರಿ ಸ್ವೆಟ್’. ಸ್ವೆಟ್ ಎಂದರೆ ಬೆವರು. ಬೆವರಿನೊಡನೆ ದೇಹವು ಕಳೆದುಕೊಂಡ ನೀರು, ಲವಣಗಳನ್ನು ತುಂಬಿಕೊಡುವುದೆಂಬುದು ತಯಾರಕರ ಆಶಯ. ಇಂಗ್ಲಿಷ್ ಬಲ್ಲವರ ಕಿವಿಗೆ ಬೆವರನ್ನೇ ಕುಡಿಯಲು ಕೊಟ್ಟಂತೆ ಕೇಳಿಸುತ್ತದೆ. ಕೊಡಗಿನಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ರಸ್ತೆ ಫಲಕದ ಕನ್ನಡವು ಇಂಗ್ಲಿಷಿನಲ್ಲಿ ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’ ಆಗಿ, 2024ರಲ್ಲಿ ದೇಶವೇ ನಕ್ಕಿತು. ಅಲ್ಲಿ ಕನ್ನಡ ಓದಿದವನಿಗೇ ಎಚ್ಚರಿಕೆ ಸರಿಯಾಗಿ ತಲುಪಿತೆಂಬುದನ್ನು ಮರೆಯಬಾರದು.

ಆದರೆ ಎಲ್ಲ ಇಂಗ್ಲಿಷನ್ನೂ ನಕ್ಕು ಬಿಡುವಂತಿಲ್ಲ. ಅಂಗಿಯ ಅಕ್ಷರ ಹೂಬಳ್ಳಿಯಂತೆ ಅಲಂಕಾರ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ತಯಾರಕನು ಬರೆದುಕೊಟ್ಟ ಮಾತು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಹಾಗೂ 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ತಯಾರಕನ ಹೆಸರು, ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಸಲ್ಲಿಸುವ ವಿಳಾಸ ಅಲ್ಲಿರಬೇಕು. ಆ ವಿವರಗಳು ಹಿಂದಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಇತರ ಭಾಷೆಗಳನ್ನು ಸೇರಿಸಲು ಅನುಮತಿಯುಂಟು, ಕಡ್ಡಾಯವಿಲ್ಲ. ಹೀಗಾಗಿ ಬಾಗಲೂರಿನ ಕನ್ನಡ ಕುಟುಂಬವೊಂದು ತನ್ನ ಹಕ್ಕನ್ನು ತನ್ನದಲ್ಲದ ಭಾಷೆಯಲ್ಲೇ ಓದಿಕೊಳ್ಳಬೇಕಾಗಿದೆ.

ಕೀಟನಾಶಕದ ವಿಷಯದಲ್ಲಿ ನಿಯಮ ತುಸು ಉದಾರವಾಗಿದೆ. 1971ರ ಕೀಟನಾಶಕ ನಿಯಮಗಳು ಹಿಂದಿ, ಇಂಗ್ಲಿಷಿನ ಜೊತೆಗೆ ಮಾರಾಟದ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಪ್ರಾದೇಶಿಕ ಭಾಷೆಗಳಿಗೂ ಸ್ಥಾನ ಕೊಟ್ಟಿವೆ. ಗುಲಾಬಿ, ತರಕಾರಿ ಬೆಳೆಯುವ ಹೊಸೂರು, ಡೆಂಕಣಿಕೋಟೆಗಳ ಸೀಮೆಯಲ್ಲಿ ತಮಿಳಿನೊಡನೆ ಕನ್ನಡ, ತೆಲುಗುಗಳೂ ಬಳಕೆಯಲ್ಲಿವೆ. ಆದುದರಿಂದ ಕನ್ನಡದ ಮಾಹಿತಿ ಪತ್ರ ಬೇಕೆಂದು ರೈತರು ಕೇಳುವುದು ಭಾಷಾಭಿಮಾನದ ಹಟವಲ್ಲ, ನಿಯಮದ ಆಶಯಕ್ಕೆ ಒಪ್ಪುವ ಬೇಡಿಕೆ. ಅದು ದೊರೆಯುವವರೆಗೆ ಡಬ್ಬಿಯ ಮೇಲಿನ ಬಣ್ಣವನ್ನಾದರೂ ಮನೆಮಂದಿ ಅರಿತಿರಬೇಕು. ಕೆಂಪು ಅತ್ಯಂತ ಘೋರ ವಿಷ. ಅನಂತರ ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತದೆ. ಹಸಿರೂ ನಿರಪಾಯಕಾರಿಯಲ್ಲ.

ಶಾಲೆಯ ಇಂಗ್ಲಿಷ್ ಪಾಠ ಇಲ್ಲಿ ಸಾರ್ಥಕವಾಗಬಹುದು. ವಾರಕ್ಕೊಮ್ಮೆ ಮಗುವು ಮನೆಯ ಒಂದು ಪೊಟ್ಟಣವನ್ನು ತಿರುಗಿಸಿ ತೂಕ, ಬೆಲೆ, ದಿನಾಂಕಗಳನ್ನು ಓದಿ ಹಿರಿಯರಿಗೆ ಕನ್ನಡದಲ್ಲಿ ಹೇಳಲಿ. ಬರೆದ ಬೆಲೆಗಿಂತ ಹೆಚ್ಚು ಕೇಳಿದರೆ ಹಿರಿಯರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಬಹುದು. ಅಂಗಿಯ ಸಾಲು ಅರ್ಥವಾಗದಿದ್ದರೆ ನಷ್ಟವಿಲ್ಲ. ಪೊಟ್ಟಣದ ಸಾಲನ್ನು ಓದದೆ ಬಿಟ್ಟರೆ ನಷ್ಟ ಮನೆಯದೇ.